ಜಪಾನಿಗೆ ಹೋಗಿ ಗಂಗಾಳ ತೊಳೆದದ್ದು

ನಾನು ಜಪಾನು ನೋಡಿ ಬಂದವನು. ಈ ಮಾತನ್ನು ನಾನು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಬಿಟ್ಟರೆ ಕೇಳಿದವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ‘ಹಂಗಾರ ಹೇಳ್ರಿ, ಆ ಹಿಮದ ಗುಡ್ಡ ಹೆಂಗ ಕಾಣತೈತಿ?’ ಎಂದು ಮೊದಲು ಅದನ್ನೇ ಕೇಳುತ್ತಾರೆ. ಫೂಜಿ ಪರ್ವತವನ್ನು ನಾನು ನೋಡಿಲ್ಲ. ರೈಲು ಅದರ ಮಗ್ಗುಲಲ್ಲೇ ಹೋಯಿತು, ನಾವು ಹುಡುಗರೆಲ್ಲ ಒಂದೇ ಬದಿಯ ಕಿಟಕಿಗಳಿಗೆ ಮೂಗು ಹಚ್ಚಿ ಕೂತೆವು, ಮೋಡ ಮಾತ್ರ ಸರಿಯಲಿಲ್ಲ. ಎದುರಿಗೆ ಕೂತಿದ್ದ ಜಪಾನಿ ಮುದುಕರೊಬ್ಬರು ಅದು ತಮ್ಮದೇ ತಪ್ಪು ಎನ್ನುವಂತೆ ನಮಗೆಲ್ಲ ಬಾಗಿ ಬಾಗಿ ಕ್ಷಮೆ ಕೇಳಿದರು. ಮರಳುವಾಗಲೂ ಮೋಡವಿತ್ತು, ಕ್ಷಮೆ ಕೇಳಲು ಆ ಮುದುಕರು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬುದ್ಧನ ದೊಡ್ಡ ಮೂರ್ತಿ ನೋಡಿದೆ, ಎಷ್ಟು ದೊಡ್ಡದೆಂಬುದು ಮರೆತುಹೋಗಿದೆ. ಅರಮನೆಯ ಹೊರಗೋಡೆ ನೋಡಿದೆ, ಗೋಡೆ ಚೆನ್ನಾಗಿತ್ತು. ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಅಲ್ಲಿ ಏನು ಉಂಡೆ, ಏನು ಉಣ್ಣಲಿಲ್ಲ ಎಂಬುದೊಂದೇ. ಹೊಟ್ಟೆಬಾಕನ ಪ್ರವಾಸ ಎಂದು ನಗುವವರು ನಗಲಿ. ಆ ಪ್ರವಾಸದಲ್ಲಿ ನನ್ನ ಊಟದ ಮೇಲೆ ಒಂದು ಮದುವೆ ನಿಂತಿತ್ತು, ಅದೂ ನನ್ನದೇ ಮದುವೆ.

ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಸಂಸ್ಥಾನಗಳು ಹೋಗಿ ಬಹಳ ವರ್ಷವಾಗಿರಲಿಲ್ಲ. ಜಮಖಂಡಿಯ ಹಿರಿಯರು ‘ಸರಕಾರ’ ಎಂದರೆ, ಅರಮನೆಯವರೋ ಮುಂಬಯಿಯವರೋ ಎಂದು ಎದುರಿನವರು ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ನಾನು ರಬಕವಿಯ ಹುಡುಗ. ಮನೆಯಲ್ಲಿ ಮಗ್ಗ, ಅಪ್ಪನಿಗೆ ಸೀರೆಯ ವ್ಯಾಪಾರ. ಬೆಳಿಗ್ಗೆ ಏಳುವುದೂ ಲಾಳಿಯ ಸದ್ದಿಗೆ, ಮಲಗುವುದೂ ಅದೇ ಸದ್ದಿಗೆ. ಅದು ನಿಂತರೆ ಓಣಿಯಲ್ಲಿ ಯಾರೋ ತೀರಿಕೊಂಡರೆಂದು ಅರ್ಥ. ‘ನಾವು ಕೈಲೆ ಕಲ್ತದ್ದನ್ನ ನೀ ಪುಸ್ತಕದಾಗ ಕಲ್ತು ಬಾ’ ಎಂದು ಅಪ್ಪ ನನ್ನನ್ನು ಮುಂಬಯಿಗೆ ಕಳಿಸಿದ್ದರು. ಅಲ್ಲಿ ನೇಯ್ಗೆಯ ಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ನನಗೆ ಜೊತೆಯಾದವನು ಜಮಖಂಡಿಯ ಗುಂಡೂ. ಹಳೇ ಸಂಸ್ಥಾನದ ಕಾರಕೂನರ ಮಗ, ವೈದಿಕರ ಮನೆತನ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಲಿಂಗವಂತರ ಮನೆಗಳಲ್ಲಿ ಉಂಡಾದ ಮೇಲೆ ತಾಟಿಗೆ, ಅಂದರೆ ನಮ್ಮ ಮಾತಿನ ಗಂಗಾಳಕ್ಕೆ, ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಪ್ರಸಾದ, ಒಂದು ಅಗುಳೂ ಹಾಳಾಗಬಾರದು. ನಮ್ಮ ಮುತ್ಯಾ ಕುಡಿಯುತ್ತಿದ್ದರು, ಅಪ್ಪ ಕುಡಿಯುತ್ತಿದ್ದರು, ನಾನೂ ಕುಡಿಯುತ್ತಿದ್ದೆ. ಅದು ವಿಚಿತ್ರವೆಂದು ನನಗೆ ಮುಂಬಯಿಯ ಮೆಸ್ಸಿನಲ್ಲಿ ಕೂರುವವರೆಗೆ ಗೊತ್ತಿರಲಿಲ್ಲ. ಮೊದಲ ದಿನವೇ ಗುಂಡೂ, ‘ಯಾಕಲೇ, ಮೆಸ್ಸಿನವಗ ಭಾಂಡಿ ತಿಕ್ಕೋ ಕೆಲಸಾನೂ ಉಳಸ್ತೀಯೇನೋ?’ ಎಂದ. ನಾನೇನು ಕಡಿಮೆ? ‘ನೀ ತಾಟಿನ ಸುತ್ತ ನೀರ ಹಾಕ್ತಿ, ನಾ ಒಳಗ ಹಾಕ್ತೇನಿ. ನನ್ನ ನೀರರೆ ಹೊಟ್ಟಿಗೆ ಹೋಗತೈತಿ’ ಎಂದೆ. ಗುಂಡೂನ ಬಾಯಿ ಮುಚ್ಚಿತು, ಆದರೆ ಉದ್ದ ಮೇಜಿನ ಆಚೆ ಕೂತ ಮುಂಬಯಿ, ಪುಣೆ, ಸೂರತ್ತಿನ ಹುಡುಗರ ಬಾಯಿ ಮುಚ್ಚಲಿಲ್ಲ. ನಾನು ಗಂಗಾಳ ಎತ್ತಿದರೆ ಸಾಲಾಗಿ ಎಲ್ಲರ ತಲೆಯೂ ತಿರುಗುತ್ತಿತ್ತು. ಒಂದು ದಿನ ಬಿಟ್ಟೆ. ಆಕಾಶ ಬೀಳಲಿಲ್ಲ. ಆಮೇಲೆ ಬಿಟ್ಟದ್ದೇ ರೂಢಿಯಾಯಿತು. ಊರಿಗೆ ಬಂದಾಗ ಅಪ್ಪನ ಎದುರಿಗೆ ಕುಡಿಯುತ್ತಿದ್ದೆ, ರೈಲು ಹತ್ತಿದ ಕೂಡಲೇ ಮರೆಯುತ್ತಿದ್ದೆ. ಹರೆಯದಲ್ಲಿ ಎಲ್ಲರಿಗೂ ಎರಡು ಊರು, ಎರಡು ಊಟ ಇರುತ್ತವೆ.

ಕೊನೆಯ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಕಾಲೇಜಿನವರು ವಿದ್ಯಾರ್ಥಿಗಳ ಒಂದು ತಂಡವನ್ನು ಹಡಗಿನಲ್ಲಿ ಜಪಾನಿಗೆ ಒಯ್ಯುವುದೆಂದಾಯಿತು. ಅಲ್ಲಿನ ಮಿಲ್ಲು, ಮಗ್ಗ, ನೋಡತಕ್ಕ ಜಾಗಗಳು ಎಲ್ಲ ನೋಡಿ ಬರುವುದು. ಅದೇ ವರ್ಷದ ರಜೆಯಲ್ಲಿ ನನಗೆ ಬೀಳಗಿಯಲ್ಲಿ ಹೆಣ್ಣು ನೋಡಿದರು. ಹೆಸರು ಶಾಂತಾ. ಚಹಾ ತಂದು ಎದುರಿಗಿಟ್ಟು ಬಾಗಿಲ ಬಳಿ ನಿಂತಳು. ನಾನು ಧೈರ್ಯ ತೋರಿಸಲು ಬಸಿಯಲ್ಲಿ ಚಹಾ ಸುರಿದು ಜೋರಾಗಿ ಊದಿದೆ. ಚಹಾ ಹಾರಿ ನನ್ನ ಹೊಸ ಅಂಗಿಯ ಮೇಲೂ ಅಪ್ಪನ ಟೊಪ್ಪಿಗೆಯ ಮೇಲೂ ಬಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು, ನಗು ಮಾತ್ರ ಹೊರಗೇ ಉಳಿಯಿತು. ಆ ಕ್ಷಣಕ್ಕೇ ನನಗೆ ಅವಳೇ ಬೇಕೆನಿಸಿತು. ಇಷ್ಟು ವರ್ಷಗಳ ಮೇಲೆ ಹೇಳಲು ನಾಚಿಕೆಯೇನು, ಅವಳು ಸಿಗದಿದ್ದರೆ ಕೃಷ್ಣಾ ಹೊಳೆಗೆ ಹಾರುವುದೆಂದೇ ನಿಶ್ಚಯಿಸಿದ್ದೆ. ಬೇಸಿಗೆಯಾದ್ದರಿಂದ ಹೊಳೆಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ, ಅದು ಬೇರೆ ಮಾತು.

ಅವಳ ತಂದೆ ಮಲ್ಲಪ್ಪನವರು ಹೊಲ ಮನೆ ಇದ್ದವರು, ಮೂರು ಹೊತ್ತು ಲಿಂಗಪೂಜೆಯವರು. ನಮ್ಮ ಅಪ್ಪನಿಗೆ ನೇರವಾಗಿ ಹೇಳಿದರು: ‘ಹುಡಗ ಛಲೋ ಅದಾನ್ರಿ. ಆದ್ರ ಹಡಗ ಹತ್ತಿ ಹೊಂಟಾನಂತ. ಹೋಗಿ ಬರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಬಂದಮ್ಯಾಲೆ ನಮ್ಮನ್ಯಾಗ ಒಂದ ಸಲ ಊಟಕ್ಕ ಕರಕೊಂಡ ಬರ್ರಿ. ಉಣ್ಣೂದು ನೋಡಿದ್ರ ಮನಷ್ಯಾ ತಿಳೀತಾನ. ಆಮ್ಯಾಲೆ ಮಾತಾಡೂಣು.’ ಹೀಗೆ ನನ್ನ ಬಾಳು ಒಂದು ಊಟಕ್ಕೆ ತೂಗುಬಿದ್ದಿತು.

ಅವ್ವ ಆ ದಿನದಿಂದಲೇ ರೊಟ್ಟಿ ಬಡಿಯಲು ಕೂತಳು. ಜೋಳದ ಕಟಕ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾದ ಹಿಂಡಿ, ಅಗಸಿಯ ಹಿಂಡಿ ಎಂಬ ಖಾರದ ಪುಡಿಗಳು. ಹಳೆಯ ಇಳಕಲ್ ಸೀರೆಯಲ್ಲಿ ರೊಟ್ಟಿಯ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟು, ‘ಇವು ಇರೂತನಕಾ ನೀ ನನ್ನ ಮಗಾ. ತೀರಿದಮ್ಯಾಲೆ ಶಿವನೇ ಕಾಯಬೇಕಪಾ’ ಎಂದಳು. ಜಪಾನಿನ ಕೋಬೆ ಬಂದರಿನಲ್ಲಿ ಇಳಿದಾಗ ಬಿಳಿ ಕೈಗವಸಿನ ಅಧಿಕಾರಿಯೊಬ್ಬ ಆ ಗಂಟು ಬಿಚ್ಚಿಸಿ, ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಬಡಿದು ಸದ್ದು ಕೇಳಿ, ಇದು ಯಾವ ಯಂತ್ರದ ಭಾಗ ಎಂದು ವಿಚಾರಿಸಿದ. ತಂಡದ ಜೊತೆಗೆ ಬಂದಿದ್ದ ನಮ್ಮ ಪ್ರೊಫೆಸರರು ಅದು ತಿನ್ನುವ ಪದಾರ್ಥವೆಂದರು. ನಂಬಲಿಲ್ಲ. ನಾನು ಅವನ ಎದುರಿಗೇ ಒಂದನ್ನು ಕಟಕಟ ಕಡಿದು ತೋರಿಸಿದೆ. ಅವನು ನನ್ನ ಹಲ್ಲುಗಳಿಗೆ ಗೌರವದಿಂದ ಬಾಗಿ ನಮಸ್ಕರಿಸಿ ಬಿಟ್ಟುಕೊಟ್ಟ.

ಆ ರೊಟ್ಟಿ ಇಡೀ ಪ್ರವಾಸಕ್ಕೆ ಸಾಲಬೇಕಿತ್ತು. ಅವುಗಳನ್ನು ಮುಗಿಸಿದವು ನಾರಾ ಎಂಬ ಊರಿನ ಜಿಂಕೆಗಳು. ಅಲ್ಲಿ ಗುಡಿಯ ಸುತ್ತ ಜಿಂಕೆಗಳು ಮನುಷ್ಯರ ನಡುವೆಯೇ ಅಡ್ಡಾಡುತ್ತವೆ, ತಿನಿಸು ಬೇಕಾದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆ. ನಾನು ಮರದಡಿ ಗಂಟು ಬಿಚ್ಚಿ ಕೂತಿದ್ದೆ. ಒಂದು ಜಿಂಕೆ ಬಂದು ನಮಸ್ಕರಿಸಿತು. ಮನೆಗೆ ಬಂದವರಿಗೆ ಉಣ್ಣಲು ಕೊಡದೆ ನಾವು ಉಣ್ಣುವ ಪೈಕಿಯೇ? ಒಂದು ತುಣುಕು ಕೊಟ್ಟೆ. ಅದು ತನ್ನ ಬಳಗಕ್ಕೆ ಏನು ಹೇಳಿತೋ, ಸುತ್ತಲಿಂದ ನಮಸ್ಕಾರಗಳು ಬರತೊಡಗಿದವು. ಪ್ರತಿ ನಮಸ್ಕಾರಕ್ಕೂ ನಾನು ಪ್ರತಿನಮಸ್ಕಾರ ಮಾಡುತ್ತಿದ್ದಂತೆ ಹಿಂದಿನಿಂದ ಒಂದು ದೊಡ್ಡ ಕೊಂಬಿನ ಯಜಮಾನ ಗಂಟನ್ನೇ ಎತ್ತಿಕೊಂಡು ಹೊರಟ. ‘ಅವ್ವಾ’ ಎಂದು ಕೂಗಿಕೊಂಡು ನಾನು, ನನ್ನ ಹಿಂದೆ ನಗುತ್ತ ಗುಂಡೂ, ಇಬ್ಬರೂ ಆ ಪವಿತ್ರ ವನದಲ್ಲಿ ಓಡಿದೆವು. ಸೀರೆ ಸಿಕ್ಕಿತು. ಹಿಂಡಿಯನ್ನು ಮಾತ್ರ ಜಿಂಕೆಗಳು ಮುಟ್ಟಿರಲಿಲ್ಲ. ಮೂಸಿ ಸೀನಿ ಬಿಟ್ಟಿದ್ದವು.

ಆ ರಾತ್ರಿ ಹೋಟೆಲಿನ ಊಟದಲ್ಲಿ ಎಲ್ಲವೂ ನೀರಿನಲ್ಲಿ ಈಜಿ ಬಂದ ಪದಾರ್ಥಗಳೇ. ಒಂದು ಹಸಿರು ಸೊಪ್ಪು ಮಾತ್ರ ಸೊಪ್ಪಿನಂತಿತ್ತು. ಹಸಿವು ಬಹಳವಾಗಿತ್ತು, ಅನ್ನದೊಂದಿಗೆ ಅದನ್ನು ತಿಂದು ಮುಗಿಸಿದೆ. ಆಮೇಲೆ ಪ್ರೊಫೆಸರರು ಅದು ಸಮುದ್ರದ ತಳದಲ್ಲಿ ಬೆಳೆಯುವ ಸೊಪ್ಪು ಎಂದು ವಿವರಿಸಿದರು. ಗುಂಡೂನ ಕಣ್ಣು ಮಿನುಗಿತು. ಮರುದಿನವೇ ಜಮಖಂಡಿಗೆ ಒಂದು ಚಿತ್ರದ ಕಾರ್ಡು ಹೋಯಿತು: ‘ರಬಕವಿಯವರು ಸಮುದ್ರದ್ದು ತಿನ್ನಲು ಕಲಿತಿದ್ದಾರೆ.’ ಕಾರ್ಡು ಎಂದರೆ ಪೋಸ್ಟಮನ್ನನಿಂದ ಹಿಡಿದು ಊರೆಲ್ಲ ಓದುವಂಥದು. ಜಮಖಂಡಿಯಲ್ಲಿ ಅದು ಬರೀ ‘ಸಮುದ್ರದ್ದು’ ಆಗಿತ್ತು, ಮುಧೋಳಕ್ಕೆ ಬರುವಷ್ಟರಲ್ಲಿ ಮೀನಾಯಿತು, ಬೀಳಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಆಮೆಯಾಗಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಾನು ಎರಡು ದಿನ ಹಿಂಡಿ ಕಲಸಿದ ಅನ್ನವನ್ನೇ ಉಂಡದ್ದು ನೋಡಿ ಪ್ರೊಫೆಸರರಿಗೆ ಕರುಣೆ ಬಂತು. ಕ್ಯೋಟೋದಲ್ಲಿ ನಮ್ಮದು ಬಹಳ ದಿನದ ಮುಕ್ಕಾಮು. ಅಲ್ಲಿ ಗುಡ್ಡದ ಮೇಲಿನ ಒಂದು ಬೌದ್ಧ ಮಠದಲ್ಲಿ ಮೀನು ಮಾಂಸ ಮುಟ್ಟುವುದಿಲ್ಲವೆಂದು ಕೇಳಿ, ನನ್ನನ್ನೂ ಗುಂಡೂನನ್ನೂ ಅಲ್ಲಿ ಇಳಿಸಿದರು. ಮಠದ ಹಿರಿಯ ಸ್ವಾಮಿಗಳು ಬೋಳು ತಲೆಯ, ಸಣಕಲು ದೇಹದ ಮುದುಕರು. ನಮ್ಮ ಕಡೆ ಮಠದ ಸ್ವಾಮಿಗಳಿಗೆ ಅನ್ನುವಂತೆ ನಾವು ಅವರನ್ನು ಅಜ್ಜಾರು ಎಂದೆವು. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಊಟದ ಹೊತ್ತಿಗಂತೂ ಅಲ್ಲಿ ಯಾರೂ ಯಾವ ಭಾಷೆಯನ್ನೂ ಆಡುವಂತಿರಲಿಲ್ಲ.

ಸಾಲಾಗಿ ಮಂಡಿಯೂರಿ ಕೂರಿಸಿದರು. ಒಂದರೊಳಗೊಂದು ಕೂರುವ ಬಟ್ಟಲುಗಳು. ಗಂಜಿಯಂಥ ಅನ್ನ, ಸಪ್ಪನೆಯ ಸಾರು, ನೆನೆಹಾಕಿದ ಮೂಲಂಗಿಯ ಹೋಳು. ನಾನು ಮೂಲಂಗಿಯನ್ನು ಮೊದಲೇ ತಿಂದುಬಿಟ್ಟೆ, ಇದ್ದುದರಲ್ಲಿ ರುಚಿಯಿದ್ದದ್ದು ಅದೊಂದೇ. ಊಟ ಮುಗಿಯುವಾಗ ಒಬ್ಬ ಮರಿಸ್ವಾಮಿ ಬಂದು ಬಟ್ಟಲಿಗೆ ಬಿಸಿನೀರು ಸುರಿದ. ಎಲ್ಲರೂ ಉಳಿಸಿಕೊಂಡಿದ್ದ ಮೂಲಂಗಿಯ ಹೋಳಿನಿಂದ ಬಟ್ಟಲನ್ನು ಒಳಗೆಲ್ಲ ತಿಕ್ಕಿದರು, ಹೋಳನ್ನು ತಿಂದರು, ಆ ನೀರನ್ನು ಎತ್ತಿ ಕುಡಿದರು. ಕುಡಿದು ಖಾಲಿ ಬಟ್ಟಲಿಗೆ ಕೈ ಮುಗಿದರು.

ಸಾಲಿನ ತುದಿಯಲ್ಲಿ ನಮ್ಮ ಮುತ್ಯಾನೇ ಕೂತಂತೆ ಕಂಡಿತು. ಮುಂಬಯಿಯ ಮೇಜಿನ ಮುಂದೆ ಯಾವುದಕ್ಕೆ ನಾಚಿದ್ದೆನೋ ಅದನ್ನು ಇಷ್ಟು ಜನ ಇಷ್ಟು ಶಾಂತವಾಗಿ ಮಾಡುತ್ತಿದ್ದಾರೆ. ನನ್ನ ಬಟ್ಟಲಲ್ಲಿ ಹೋಳಿಲ್ಲದ್ದನ್ನು ಅಜ್ಜಾರು ನೋಡಿದರು. ಚಾಪೆಯ ಮೇಲೆಯೇ ಸರಿದು ಬಂದು ತಮ್ಮ ಪಾಲಿನ ಇನ್ನೊಂದು ಹೋಳನ್ನು ನನ್ನ ಬಟ್ಟಲಿಗೆ ಹಾಕಿ, ತೊಳೆ ಎಂದು ಬೆರಳು ತಿರುಗಿಸಿ ತೋರಿಸಿದರು. ಕಣ್ಣು ತುಂಬಿ ಬಂತು. ತೊಳೆದೆ, ಕುಡಿದೆ. ಪಕ್ಕದಲ್ಲಿ ಗುಂಡೂ ಔಡಲೆಣ್ಣೆ ಕುಡಿಯುವವನಂತೆ ಕಣ್ಣು ಮುಚ್ಚಿ ಬಟ್ಟಲೆತ್ತಿದ್ದ. ಹೊರಗೆ ಬಂದ ಮೇಲೆ, ‘ಮುಂಬಯ್ಯಾಗ ನಿನಗ ನಕ್ಕದ್ದಕ್ಕ ಇಲ್ಲೀತನಕಾ ಬಂದು ಪ್ರಾಯಶ್ಚಿತ್ತ ಮಾಡಬೇಕಾತು ನೋಡೋ’ ಎಂದ. ಅಷ್ಟಕ್ಕೇ ಬಿಡಲಿಲ್ಲ ಆ ಮಠ. ನಾವು ಅಲ್ಲಿದ್ದಷ್ಟೂ ದಿನ ಎರಡು ಹೊತ್ತೂ ಅದೇ ಪಾಠ. ಕೊನೆಕೊನೆಗೆ ನನ್ನ ಕೈ ತಾನಾಗಿಯೇ ಮೂಲಂಗಿಯ ಹೋಳೊಂದನ್ನು ಬದಿಗಿಡತೊಡಗಿತು.

ಹಗಲು ಹೊತ್ತು ನಾವು ಆ ಊರಿನ ನೇಕಾರರ ಓಣಿಗಳಿಗೆ ಹೋಗುತ್ತಿದ್ದೆವು. ಮರದ ಮನೆಗಳ ಒಳಗಿಂದ ಮಗ್ಗದ ಸದ್ದು. ಕಣ್ಣು ಮುಚ್ಚಿದರೆ ರಬಕವಿ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಕಡಿದ ಎಳೆಯನ್ನು ತುದಿ ನಾಲಿಗೆಗೆ ತಾಗಿಸಿ, ಹೊಸೆದು, ಗಂಟು ಹಾಕಿದಳು. ನಮ್ಮ ಅವ್ವ ಹಾಗೆಯೇ ಮಾಡುತ್ತಿದ್ದಳು. ದೇಶ ನೋಡಲು ಇಷ್ಟು ದೂರ ಬಂದು ಮನೆಯ ನೆನಪಿನಿಂದ ಅಳುತ್ತ ನಿಂತವನನ್ನು ಕಂಡು ಆ ಮುದುಕಿ ಗಾಬರಿಯಾಗಿ ನನಗೊಂದು ಚಹಾ ಕೊಟ್ಟಳು. ಅದರಲ್ಲಿ ಹಾಲೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಅಳು ತಟ್ಟನೆ ನಿಂತಿತು.

ಮರಳಿ ಬಂದು ಕುಡಚಿ ಸ್ಟೇಶನ್ನಿನಲ್ಲಿ ಇಳಿದಾಗ ಅಪ್ಪ ನಿಂತಿದ್ದರು. ಹಡಗು ಹೇಗಿತ್ತು, ಆರೋಗ್ಯ ಹೇಗಿದೆ ಒಂದೂ ಕೇಳಲಿಲ್ಲ. ‘ಆಮಿ ತಿಂದೀ ಏನ?’ ಎಂದರು. ತೇರದಾಳದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅಪ್ಪನಿಗೆ ಸೊಪ್ಪಿನ ಕತೆ ಹೇಳಿದೆ. ಅಪ್ಪ ನಂಬಿದರು. ಆದರೆ ‘ಮಲ್ಲಪ್ಪನವ್ರು ನಾಳಿನ ಊಟಕ್ಕ ಕರದಾರ. ಅವ್ರು ನಂಬಬೇಕಲ್ಲ’ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಮರುದಿನ ಬೀಳಗಿಯ ಪಡಸಾಲೆಯಲ್ಲಿ ನನಗೂ ಅಪ್ಪನಿಗೂ ಅಡ್ಡಣಿಗೆಯ ಮೇಲೆ ಗಂಗಾಳ ಇಟ್ಟರು. ರೊಟ್ಟಿ, ಬದನೆಕಾಯಿಯ ಎಣಗಾಯಿ, ಹೆಸರುಕಾಳು, ಮೊಸರು, ಬದಿಗೆ ಉಳ್ಳಾಗಡ್ಡಿ ಮತ್ತು ಹಸಿ ಮೂಲಂಗಿ. ಮಲ್ಲಪ್ಪನವರು ತಾವು ಉಣ್ಣಲು ಕೂರಲಿಲ್ಲ. ಎದುರಿಗೆ ಕಂಬಕ್ಕೆ ಒರಗಿ ನೋಡುತ್ತ ಕೂತರು. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಒಂದು ಸೀರೆಯ ಅಂಚು ಕಾಣುತ್ತಿತ್ತು.

‘ಸಮುದ್ರದ್ದೇನೋ ತಿಂದೀ ಅಂತಲ್ಲ ತಮ್ಮಾ, ಖರೆ ಏನು?’

‘ಖರೇರಿ. ಸೊಪ್ಪು ತಿಂದೇನ್ರಿ.’

‘ಸಮುದ್ರದಾಗ ಸೊಪ್ಪ ಎಲ್ಲಿಂದ ಬಂತು? ಅಲ್ಲೇನ ಸೊಪ್ಪಿನ ಮಡಿ ಮಾಡ್ಯಾರೇನು?’

ಅಪ್ಪ ಕೆಮ್ಮಿದರು. ಪ್ರೊಫೆಸರರು ಬೀಳಗಿಗೆ ಬಂದು ವಿವರಿಸುವಂತಿರಲಿಲ್ಲ. ತಲೆ ತಗ್ಗಿಸಿ ಉಣ್ಣತೊಡಗಿದೆ. ಹಡಗಿನ ಬೇಯಿಸಿದ ಬಟಾಟಿ, ಮಠದ ಸಪ್ಪೆ ಸಾರು ಎಲ್ಲ ದಾಟಿ ಬಂದ ನಾಲಿಗೆಗೆ ಆ ಎಣಗಾಯಿ ಅಮೃತವಾಗಿತ್ತು. ಮತ್ತೆ ಹಾಕಿಸಿಕೊಂಡೆ. ಭಯವನ್ನೂ ಮರೆತೆ, ಎದುರಿಗೆ ಕೂತವರನ್ನೂ ಮರೆತೆ. ಊಟ ಮುಗಿಯಿತು. ನನಗರಿವಿಲ್ಲದೆ ನನ್ನ ಕೈ ಗಂಗಾಳಕ್ಕೆ ನೀರು ಹಾಕಿತು, ಬದಿಗಿಟ್ಟಿದ್ದ ಮೂಲಂಗಿಯ ಹೋಳಿನಿಂದ ಸುತ್ತಲೂ ತಿಕ್ಕಿತು. ಹೋಳು ತಿಂದು, ನೀರು ಕುಡಿದು, ಖಾಲಿ ಗಂಗಾಳಕ್ಕೆ ಕೈ ಮುಗಿದೆ. ತಲೆ ಎತ್ತಿದರೆ ಅಪ್ಪ ತಮ್ಮ ಗಂಗಾಳವನ್ನು ಅರ್ಧಕ್ಕೆ ಎತ್ತಿ ಹಾಗೇ ಹಿಡಿದಿದ್ದರು.

‘ನೀರ ಹಾಕಿ ಕುಡಿಯೂದು ಸೈ,’ ಎಂದರು ಮಲ್ಲಪ್ಪನವರು, ‘ಈ ಮೂಲಂಗೀಲೆ ತಿಕ್ಕೂದು ಯಾವ ಮಠದ ಪದ್ಧತಿ?’

ಹತ್ತಿರದ ಯಾವುದಾದರೂ ಮಠದ ಹೆಸರು ಹೇಳಿ ಪಾರಾಗಬಹುದಿತ್ತು. ನಾಲಿಗೆಯ ತುದಿಗೆ ಒಂದು ಬಂದೂ ಇತ್ತು. ಆದರೆ ಬಾಗಿಲ ಸಂದಿಯ ಸೀರೆಯ ಅಂಚು ಅಲುಗಿತು. ಮದುವೆಗೆ ಮೊದಲೇ ಅವಳ ಎದುರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

‘ಜಪಾನದಾಗ ಒಂದ ಮಠದಾಗಿದ್ದೆವ್ರಿ. ಅಲ್ಲಿ ಅಜ್ಜಾರು ಕಲಿಸಿದ್ರಿ,’ ಎಂದೆ. ಮುಗಿಯಿತು ಎಂದುಕೊಂಡೆ.

ಮಲ್ಲಪ್ಪನವರು ಕಂಬ ಬಿಟ್ಟು ಮುಂದೆ ಬಾಗಿ, ದನಿ ತಗ್ಗಿಸಿ ಕೇಳಿದರು:

‘ಅಲ್ಲೂ ನಮ್ಮವರು ಅದಾರೇನು ಮತ್ತ?’

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಣ್ಣೆದುರಿಗೆ ಚಾಪೆಯ ಮೇಲೆ ಸರಿದು ಬಂದ ಆ ಮುದುಕರು ಬಂದರು. ಅವರು ನಮ್ಮವರಲ್ಲವೆನ್ನಲು ಬಾಯಿ ಬರಲಿಲ್ಲ. ಮಲ್ಲಪ್ಪನವರು ಒಳಗೆದ್ದು ಹೋದರು. ಸ್ವಲ್ಪ ಹೊತ್ತಿಗೆ ಸಕ್ಕರೆ ಹಿಡಿದುಕೊಂಡು ಬಂದು ಅಪ್ಪನ ಕೈಗೆ ಹಾಕಿ, ‘ಆತ್ರಿ ಬೀಗರ’ ಎಂದರು.

ಆಮೇಲೆ ನನ್ನ ಮಾವನವರು ಇರುವವರೆಗೂ ಮುಧೋಳದ ಸಂತೆಯಲ್ಲಿ, ಬೀಳಗಿಯ ಕಟ್ಟೆಯಲ್ಲಿ, ಜಪಾನಿನಲ್ಲಿ ನಮ್ಮದೊಂದು ಮಠವಿದೆಯೆಂದು ಹೇಳಿಕೊಂಡು ಬಂದರು. ಶ್ರಾವಣದಲ್ಲಿ ಬಂದ ಬೀಗರೆಲ್ಲರ ಮುಂದೆ ನನ್ನನ್ನು ಕೂರಿಸಿ ಮೂಲಂಗಿಯಿಂದ ತಿಕ್ಕಿಸಿ ತೋರಿಸುತ್ತಿದ್ದರು. ಬೌದ್ಧರು ಬೇರೆ, ನಾವು ಬೇರೆ ಎಂದು ನಾನು ಒಮ್ಮೆಯೂ ತಿದ್ದಲಿಲ್ಲ. ಈಗ ಅವರಿಲ್ಲ. ಅಜ್ಜಾರಂತೂ ಎಂದೋ ಹೋಗಿರಬೇಕು. ಇಬ್ಬರೂ ಎಲ್ಲಾದರೂ ಎದುರುಬದುರು ಊಟಕ್ಕೆ ಕೂತಿದ್ದರೆ ಚೆನ್ನ ಎಂದು ಎಷ್ಟೋ ಸಲ ಅನಿಸುತ್ತದೆ.

ನನ್ನ ಸತ್ಯವಂತಿಕೆಯಿಂದಲೇ ಹೆಣ್ಣು ಗೆದ್ದೆನೆಂದು ನಾನು ಬಹುಕಾಲ ಬೀಗಿದ್ದೆ. ಒಂದು ಸಂಜೆ ಅದನ್ನೇ ಶಾಂತಾಳ ಎದುರಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಅದೇ ಹಳೆಯ ನಗು ನಕ್ಕಳು.

‘ಅಪ್ಪ ಒಳಗ ಬಂದು ನನ್ನ ಕೇಳಿದ್ರಲ್ಲ, ಹುಡಗ ಆದೀತೇನವಾ ಅಂತ. ನಿಮ್ಮ ಮಠಾ ಗಿಠಾ ನನಗೇನ ಗೊತ್ತಿತ್ರಿ? ಗಾಬರ್ಯಾಗ ಅವತ್ತ ಎಣಗಾಯಿಗೆ ಎರಡ ಸಲ ಉಪ್ಪ ಹಾಕಿದ್ದೆ. ನೀವು ಒಂದ ಮಾತ ಅನಲಿಲ್ಲ. ಮ್ಯಾಲೆ ಹಾಕಿಸಿಕೊಂಡು, ಗಂಗಾಳ ತೊಳದ ಆ ಉಪ್ಪಿನ ನೀರೂ ಕುಡದು ಕೈ ಮುಗದ್ರಿ. ಇಂಥಾ ಗಂಡ ಮತ್ತ ಸಿಗೂದಿಲ್ಲಂತ ಹೂಂ ಅಂದೆ.’

ಅಪ್ಪ ಆ ದಿನ ಬೀಳಗಿಯಿಂದ ಬಸ್ಸಿನಲ್ಲಿ ಮರಳುವಾಗ ಸಿಕ್ಕ ಸಿಕ್ಕ ನಿಲ್ದಾಣದಲ್ಲಿ ಇಳಿದು ನೀರು ಕುಡಿದದ್ದು ಆಗ ನೆನಪಾಯಿತು. ನನಗೆ ಉಪ್ಪು ಹೆಚ್ಚಾದದ್ದು ಗೊತ್ತೇ ಆಗಿರಲಿಲ್ಲವೆಂದು ಅವಳಿಗೆ ಹೇಳಿಬಿಡಲೇ ಎನಿಸಿತು. ಹೇಳಲಿಲ್ಲ. ಹೇಳಿದ್ದರೆ ಅವಳು ಅಂದು ಹೂಂ ಅಂದಿದ್ದ ಆ ಗಂಡ ಅಲ್ಲೇ ಕಳೆದುಹೋಗುತ್ತಿದ್ದ. ಹೀಗಾಗಿ ನಮ್ಮ ಮನೆಯ ಅಡಿಗೆಯ ಉಪ್ಪಿನ ಬಗ್ಗೆ ಬಾಯಿ ತೆರೆಯುವ ಹಕ್ಕನ್ನು ನಾನು ಕಾಯಂ ಆಗಿ ಕಳೆದುಕೊಂಡಿದ್ದೇನೆ. ನಿನ್ನೆ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಪೂರ್ತಿ ಉಂಡೆ, ಗಂಗಾಳ ತೊಳೆದು ಕುಡಿದೆ, ಕೈ ಮುಗಿದೆ. ‘ಇನ್ನೊಂದಿಷ್ಟು ಹಾಕ್ಲೇನ್ರಿ?’ ಎಂದಳು.